ಗೋಡೆ ಮೇಲಿನ ಕ್ಯಾಮೆರಾ ಕೀಳಬೇಕಿಲ್ಲ: ಹೊಸ ಸಿಸಿಟಿವಿ ನಿಯಮ ಮತ್ತು ನನ್ನ ಕೆಲಸ

ದಾವಣಗೆರೆಯಲ್ಲಿ ಸಿಸಿಟಿವಿ ಹಾಕುವುದು ನನ್ನ ಕಸುಬು. ಮಂಡಿಪೇಟೆ ಅಂಗಡಿ, ಮಂಡಕ್ಕಿ ಭಟ್ಟಿ, ಹುಡುಗಿಯರ ಪಿಜಿ, ಚನ್ನಗಿರಿ ಕಡೆಯ ಅಡಿಕೆ ಗೋದಾಮು, ಎಲ್ಲಾ ಕಡೆ ಏಣಿ ಹತ್ತಿ ಆಗಿದೆ. ಮೊದಲೆಲ್ಲ ಗಿರಾಕಿ ಬಾಯಿ ತೆರೆದರೆ "ಎಷ್ಟಾಗ್ತದ್ರಿ?" ಅನ್ನುತ್ತಿದ್ದರು. 2025ರ ಏಪ್ರಿಲ್ ಆದಮೇಲೆ "ನಮ್ಮ ಕ್ಯಾಮೆರಾ ಬ್ಯಾನ್ ಆಗೇತಂತಲ್ಲ, ಕಿತ್ ಹಾಕ್ಬೇಕೇನು?" ಅಂತ ಶುರು ಮಾಡುತ್ತಾರೆ.

ಬೇಡ. ನಿಯಮ ಇರುವುದು ಮಾರುವವನ ಮೇಲೆ, ಈಗಾಗಲೇ ಕೊಂಡು ಗೋಡೆಗೆ ಹಾಕಿಕೊಂಡವನ ಮೇಲಲ್ಲ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯ 2024ರ ಏಪ್ರಿಲ್ 9ರಂದು ಅಧಿಸೂಚನೆ ಹೊರಡಿಸಿತು. ಕ್ಯಾಮೆರಾಗಳಿಗೆ ವಿದ್ಯುತ್ ಸುರಕ್ಷತೆಯ ಬಿಐಎಸ್ (ವಸ್ತುಗಳ ಗುಣಮಟ್ಟ ನೋಡುವ ಕೇಂದ್ರ ಸಂಸ್ಥೆ) ನೋಂದಣಿ ಮುಂಚೆಯೇ ಕಡ್ಡಾಯವಿತ್ತು, ಅದರ ಮೇಲೆ ಸೈಬರ್ ಭದ್ರತೆಯ ಪರೀಕ್ಷೆಯನ್ನೂ ಸೇರಿಸಿದರು. ಮೊದಲು 2024ರ ಅಕ್ಟೋಬರ್ ಗಡುವು ಇತ್ತು, ಆಮೇಲೆ 2025ರ ಏಪ್ರಿಲ್ 9ಕ್ಕೆ ಹೋಯಿತು. ಕ್ಯಾಮೆರಾ ತಯಾರಿಸುವವರು, ತರಿಸುವವರು, ಮಾರುವವರು ಇದಕ್ಕೆ ಒಳಪಡುತ್ತಾರೆ. ಅದರಲ್ಲಿ ಯಾವ ಕಂಪನಿಯ ಹೆಸರೂ ಇಲ್ಲ, ಯಾವ ದೇಶದ ಹೆಸರೂ ಇಲ್ಲ. ಚೀನಾದ ಹಿಕ್‌ವಿಷನ್, ದಾಹುವಾ ಅಂತ ಹೆಸರು ಹಿಡಿದೇ ಹೊಸ ಮಾಡೆಲ್‌ಗಳಿಗೆ ಪರವಾನಗಿ ನಿಲ್ಲಿಸಿದ್ದು ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ, 2022ರ ನವೆಂಬರ್‌ನಲ್ಲಿ. ವಾಟ್ಸಾಪ್‌ನಲ್ಲಿ ಬರುವ ಸಂದೇಶಗಳು ಈ ಎರಡನ್ನೂ ಕಲಸಿಬಿಟ್ಟಿರುತ್ತವೆ.

ಲ್ಯಾಬ್‌ನಲ್ಲಿ ಏನು ನೋಡುತ್ತಾರೆ ಅಂದರೆ: ಬೋರ್ಡಿನ ಮೇಲಿನ ಯುಎಆರ್‌ಟಿ, ಜೆಟ್ಯಾಗ್ ಪೋರ್ಟ್‌ಗಳು (ವೈರ್ ಸಿಕ್ಕಿಸಿ ಕ್ಯಾಮೆರಾದ ಒಳಗೆ ಹೊಕ್ಕುವ ಬಾಗಿಲುಗಳು) ಮುಚ್ಚಿವೆಯೇ, ಕಂಪನಿಯ ಸಹಿ ಇಲ್ಲದ ಫರ್ಮ್‌ವೇರ್ (ಕ್ಯಾಮೆರಾ ಒಳಗಿನ ಸಾಫ್ಟ್‌ವೇರ್) ತುಂಬಿದರೆ ಕ್ಯಾಮೆರಾ ಒಪ್ಪಿಕೊಳ್ಳುತ್ತದೆಯೇ, ದೃಶ್ಯ ಎನ್‌ಕ್ರಿಪ್ಟ್ ಆಗಿ (ಬೇರೆಯವರಿಗೆ ನೋಡಲಾಗದ ಗುಪ್ತ ರೂಪದಲ್ಲಿ) ಹೋಗುತ್ತದೆಯೇ, ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದೆಯೇ, ಮುಖ್ಯ ಚಿಪ್ ಎಲ್ಲಿಂದ ಬಂತು. ಪ್ರಮಾಣಪತ್ರ ಕೊಡುವುದು ಸರ್ಕಾರದ್ದೇ ಪರೀಕ್ಷಾ ಸಂಸ್ಥೆಯಾದ ಎಸ್‌ಟಿಕ್ಯೂಸಿ. ಸರ್ಕಾರಿ ಸಂಸ್ಥೆಗಳಲ್ಲೇ ಸುಮಾರು 10 ಲಕ್ಷ ಚೀನಾ ಕ್ಯಾಮೆರಾ ಇವೆ ಅಂತ 2021ರಲ್ಲಿ ಸಂಸತ್ತಿಗೆ ಉತ್ತರ ಕೊಟ್ಟಮೇಲೆ ಇಂಥದ್ದೊಂದು ಬಂದೇ ಬರುತ್ತದೆ ಅಂತ ನಮ್ಮ ಲೈನಿನವರು ಮಾತಾಡಿಕೊಳ್ಳುತ್ತಿದ್ದೆವು.

ಗಡುವು ಮುಗಿದಮೇಲೆ ಚನ್ನಗಿರಿ ರಸ್ತೆಯ ಒಂದು ಅಡಿಕೆ ಗೋದಾಮಿನ ಕೆಲಸ ಬಂತು. ಹಳೇ ಶೆಡ್‌ನಲ್ಲಿ 8 ಅನಲಾಗ್ ಕ್ಯಾಮೆರಾ, ಅವುಗಳ ದೃಶ್ಯ ರೆಕಾರ್ಡ್ ಮಾಡುವ ಒಂದು ಡಿವಿಆರ್, ದೃಶ್ಯ ಮತ್ತು ಕರೆಂಟ್ ಎರಡನ್ನೂ ಒಯ್ಯುವ ತ್ರೀ ಪ್ಲಸ್ ಒನ್ ಕೇಬಲ್. ಪಕ್ಕದಲ್ಲಿ ಹೊಸ ಶೆಡ್ ಎದ್ದಿತ್ತು. ಮಾಲೀಕರಿಗೆ ಅದೇ ಬ್ರ್ಯಾಂಡ್, ಅದೇ ಮಾಡೆಲ್ ಬೇಕಿತ್ತು, ಅದು ಮಾರ್ಕೆಟ್‌ನಲ್ಲಿ ಇರಲಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿಗೆ ಫೋನ್ ಮಾಡಿದರೆ "ಹಳೇ ಸ್ಟಾಕ್ ಐತೆ ಸಾರ್, ಬಿಲ್ ಕೇಳ್ಬೇಡಿ" ಅಂದರು. ಬಿಲ್ ಇಲ್ಲದ ಮಾಲಿಗೆ ವಾರಂಟಿ ಇಲ್ಲ. ನಾಳೆ ಕಳ್ಳತನವಾಗಿ ವಿಮೆ ಕೇಳುವಾಗ ತೋರಿಸಲು ಕಾಗದವೂ ಇಲ್ಲ. ಬೇಡ ಅಂದೆ.

ಹಳೇ ಎಂಟನ್ನು ಮುಟ್ಟಲಿಲ್ಲ. ಅವು ಹಳೇ ಡಿವಿಆರ್‌ನಲ್ಲೇ ಇರಲಿ, ಆದರೆ ಇಂಟರ್‌ನೆಟ್ ಬೇಡ ಅಂತ ರೂಟರ್‌ನಿಂದ ಬಂದಿದ್ದ ವೈರ್ ತೆಗೆದೆ. ಹೊಸ ಶೆಡ್‌ಗೆ ಪ್ರಮಾಣಪತ್ರ ಇರುವ ಐಪಿ ಕ್ಯಾಮೆರಾ (ನೆಟ್‌ವರ್ಕ್ ಕೇಬಲ್‌ನಲ್ಲಿ ಓಡುವಂಥದ್ದು), ಅದೇ ಕೇಬಲ್‌ನಲ್ಲಿ ಕರೆಂಟನ್ನೂ ಕೊಡುವ ಪಿಒಇ ಸ್ವಿಚ್, ಐಪಿ ಕ್ಯಾಮೆರಾಗಳ ರೆಕಾರ್ಡರ್ ಆದ ಎನ್‌ವಿಆರ್ ಪ್ರತ್ಯೇಕವಾಗಿ. ಗೇಟಿನ ಎರಡು ಹೊಸ ಕ್ಯಾಮೆರಾ ಮಾತ್ರ ಹಳೇ ಕಚೇರಿಯ ಪರದೆಯಲ್ಲೂ ಕಾಣಬೇಕು ಅಂದರು ಮಾಲೀಕರು. ಆ ಡಿವಿಆರ್ ಹೈಬ್ರಿಡ್ (ಎರಡೂ ಬಗೆಯ ಕ್ಯಾಮೆರಾ ಹಿಡಿಸುವಂಥದ್ದು) ಆಗಿದ್ದರಿಂದ ಎರಡು ಐಪಿ ಚಾನೆಲ್ ತೆಗೆದುಕೊಳ್ಳುತ್ತಿತ್ತು. ಕೆಲಸ ತಿಂದದ್ದು ಇದೇ.

ಹೊಸ ಕ್ಯಾಮೆರಾಗಳು ಬಿಗಿ ಬಂದೋಬಸ್ತ್‌ನಲ್ಲಿ ಬರುತ್ತವೆ. ಎಷ್ಟೋ ಮಾಡೆಲ್‌ಗಳಲ್ಲಿ ಓಎನ್‌ವಿಐಎಫ್ (ಬೇರೆ ಬೇರೆ ಕಂಪನಿಯ ಸಾಧನಗಳು ಒಂದಕ್ಕೊಂದು ಮಾತಾಡುವ ವ್ಯವಸ್ಥೆ) ಆಫ್ ಆಗಿರುತ್ತದೆ. ಲ್ಯಾಪ್‌ಟಾಪ್‌ನಿಂದ ಕ್ಯಾಮೆರಾದ ಪುಟಕ್ಕೆ ಹೋಗಿ ಅದನ್ನು ಆನ್ ಮಾಡಿ, ಅದಕ್ಕೆಂದೇ ಬೇರೆ ಯೂಸರ್ ಸೃಷ್ಟಿಸಬೇಕು. ಅಷ್ಟಾದರೂ "ಪಾಸ್‌ವರ್ಡ್ ತಪ್ಪು" ಅಂತ ಬಂದರೆ ಪಾಸ್‌ವರ್ಡ್ ಬಿಟ್ಟು ಗಡಿಯಾರ ನೋಡಿ. ಡಿವಿಆರ್ ಮತ್ತು ಕ್ಯಾಮೆರಾದ ಸಮಯದಲ್ಲಿ ವ್ಯತ್ಯಾಸವಿದ್ದರೆ ಓಎನ್‌ವಿಐಎಫ್ ಲಾಗಿನ್ ಒಪ್ಪುವುದಿಲ್ಲ. ನೆಟ್ ಇಲ್ಲದ ಹಳೇ ಡಿವಿಆರ್‌ಗಳ ಗಡಿಯಾರ ಯಾವಾಗಲೂ ಹಿಂದೆ ಮುಂದೆ ಓಡುತ್ತಿರುತ್ತದೆ. ಲಾಗಿನ್ ಆದಮೇಲೂ ಚಿತ್ರ ಕಪ್ಪಾಗಿದ್ದರೆ ಕ್ಯಾಮೆರಾದ ವಿಡಿಯೊ ಫಾರ್ಮ್ಯಾಟ್‌ನಲ್ಲಿ ಎಚ್.265 ತೆಗೆದು ಹಳೇ ಎಚ್.264ಕ್ಕೆ ಇಳಿಸಿ. ಈ ಮೂರರಲ್ಲಿ ಒಂದು ಹಿಡಿಯುತ್ತದೆ.

ಹಳೇ ಅನಲಾಗ್ ಸೆಟ್‌ನಲ್ಲಿ ಒಂದು ಕ್ಯಾಮೆರಾ ಸತ್ತರೆ ಇಡೀ ಸೆಟ್ ಬದಲಿಸಲು ಹೊರಡಬೇಡಿ. ಟಿವಿಐ, ಸಿವಿಐ, ಎಎಚ್‌ಡಿ ಅನ್ನುವ ಮೂರೂ ಬಗೆಯ ಸಿಗ್ನಲ್ ಕೊಡುವ ಹೊಸ ಅನಲಾಗ್ ಕ್ಯಾಮೆರಾ ಸಿಗುತ್ತದೆ. ಬಾಲದ ವೈರ್‌ನಲ್ಲಿರುವ ಸಣ್ಣ ಬಟನ್ನಿನಿಂದ ಮೋಡ್ ಬದಲಾಗುತ್ತದೆ. ಅದನ್ನು ಕೆಳಗೇ, ಡಿವಿಆರ್ ಪಕ್ಕದಲ್ಲೇ ಮಾಡಿಕೊಂಡು ಆಮೇಲೆ ಏಣಿ ಹತ್ತಿ.

ಕೊಳ್ಳುವವರು ಹೆಚ್ಚು ಮೋಸ ಹೋಗುವುದು "ಈ ಕಂಪನೀದು ಎಸ್‌ಟಿಕ್ಯೂಸಿ ಆಗಿದೆ" ಅನ್ನುವ ಮಾತಿಗೆ. ಪ್ರಮಾಣಪತ್ರ ಕಂಪನಿಗಲ್ಲ, ಮಾಡೆಲ್‌ಗೆ. ಸಿಪಿ ಪ್ಲಸ್ ಇರಲಿ, ಮ್ಯಾಟ್ರಿಕ್ಸ್ ಇರಲಿ, ಸ್ಪರ್ಶ್ ಇರಲಿ, ಕೈಯಲ್ಲಿರುವ ಪೆಟ್ಟಿಗೆಯ ಮಾಡೆಲ್ ನಂಬರ್ ಎಸ್‌ಟಿಕ್ಯೂಸಿ ಜಾಲತಾಣದ ಪಟ್ಟಿಯಲ್ಲಿದೆಯೇ ಅಂತ ನಾನು ಅಂಗಡಿಯಲ್ಲೇ ನೋಡುತ್ತೇನೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಹಾಕಿದರೆ ತಯಾರಕರ ವಿವರ ಬರುತ್ತದೆ. ಪೆಟ್ಟಿಗೆ ಮೇಲಿನ ಮಾಡೆಲ್, ಕ್ಯಾಮೆರಾ ಹೊಟ್ಟೆಯ ಮೇಲಿನ ಮಾಡೆಲ್, ಬಿಲ್‌ನಲ್ಲಿರುವ ಮಾಡೆಲ್ ಮೂರೂ ಒಂದೇ ಇರಬೇಕು. ಒಂದು ಅಕ್ಷರ ಬೇರೆ ಇದ್ದರೂ ಅದು ಬೇರೆ ಮಾಡೆಲ್ಲೇ.

ಆನ್‌ಲೈನ್‌ನಲ್ಲಿ ಬರುವ, ಬಲ್ಬ್ ಹೋಲ್ಡರ್‌ಗೆ ಸಿಕ್ಕಿಸುವ ಹೆಸರಿಲ್ಲದ ವೈಫೈ ಕ್ಯಾಮೆರಾಗಳನ್ನು ತಂದು "ಇದನ್ನ ಸೆಟ್ ಮಾಡಿಕೊಡಿ" ಅನ್ನುವವರಿಗೆ ಈಗ ಆಗಲ್ಲ ಅಂತಲೇ ಹೇಳುತ್ತೇನೆ. ಅದರ ಜೀವವೆಲ್ಲ ಒಂದು ಆ್ಯಪ್‌ನಲ್ಲಿ. ಕಂಪನಿ ಅಂಗಡಿ ಮುಚ್ಚಿದ ದಿನ ನಿಮ್ಮ ಮನೆಯ ಕ್ಯಾಮೆರಾ ನಿಮಗೇ ಕಾಣುವುದಿಲ್ಲ.

ರೇಟ್ ಏರಿದೆ. ಪರೀಕ್ಷೆಯ ಖರ್ಚನ್ನು ಕಂಪನಿ ತನ್ನ ಜೇಬಿನಿಂದ ಕೊಡುವುದಿಲ್ಲ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಪೇಟೆಯ ಸಣ್ಣ ಬ್ರ್ಯಾಂಡ್‌ಗಳು ಒಂದೊಂದಾಗಿ ಕಾಣೆಯಾದವು. ಕಿರಾಣಿ ಅಂಗಡಿಯವನಿಗೆ ಇದು ಹೊರೆಯೇ. ಆದರೂ ನಿಯಮ ಬೇಕಿತ್ತು ಅನ್ನುವವನು ನಾನು. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ಹಿಡಿದದ್ದು ಕಂಪನಿ ಕೊಟ್ಟ ಪಾಸ್‌ವರ್ಡ್ ಯಾರೂ ಬದಲಿಸದೆ ಇದ್ದದ್ದರಿಂದ.

ಹಾಗಂತ ಪ್ರಮಾಣಪತ್ರ ನಿಮ್ಮ ಪಾಸ್‌ವರ್ಡ್ ಕಾಯುವುದಿಲ್ಲ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಒಳಗಿನ ದೃಶ್ಯಗಳು ಹೊರಗೆ ಬಂದವು. ಪಿಜಿ ನಡೆಸುವ ಅಮ್ಮಂದಿರಿಗೆ ಈ ಸುದ್ದಿ ಹೇಳಿದ ಮೇಲೆಯೇ ಒಳಗಿನ ಕಾರಿಡಾರ್ ಕ್ಯಾಮೆರಾಗಳನ್ನು ನೆಟ್‌ನಿಂದ ತೆಗೆಯಲು ಒಪ್ಪಿದ್ದು. ಅಡ್ಮಿನ್ ಪಾಸ್‌ವರ್ಡನ್ನು ಮಾಲೀಕರ ಕೈಯಿಂದಲೇ ಟೈಪ್ ಮಾಡಿಸುತ್ತೇನೆ, ಆ ಹೊತ್ತು ನಾನು ಬೇರೆ ಕಡೆ ನೋಡುತ್ತೇನೆ. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಇಂಟರ್‌ನೆಟ್‌ನಿಂದ ನೇರ ಒಳಬರುವ ದಾರಿ) ಇದ್ದರೆ ತೆಗೆಯುತ್ತೇನೆ. "ನೀವೇ ಇಟ್ಕೊಳ್ರಿ, ನಮಗೆ ಮರೆತೋಗ್ತದೆ" ಅನ್ನುವವರಿಗೆ ಚೀಟಿಯಲ್ಲಿ ಬರೆದು ತಿಜೋರಿಯಲ್ಲಿಡಿ ಅನ್ನುತ್ತೇನೆ.

ಜನ ಸೇರುವ ದೊಡ್ಡ ಜಾಗಗಳಿಗೆ ಕರ್ನಾಟಕದ್ದೇ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಇದೆ, 30 ದಿನದ ರೆಕಾರ್ಡಿಂಗ್ ಇಟ್ಟುಕೊಳ್ಳಬೇಕು. ಒಂದು ಕ್ಯಾಮೆರಾಗೆ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಅಂತ ಹಿಡಿದರೆ ದಿನಕ್ಕೆ ಸುಮಾರು 21.6 ಜಿಬಿ, ಎಂಟು ಕ್ಯಾಮೆರಾಗೆ ತಿಂಗಳಿಗೆ 5 ಟಿಬಿ ದಾಟುತ್ತದೆ. ಹಾಗಾಗಿ 6 ಟಿಬಿ ಡಿಸ್ಕ್. ಎರಡು ಟಿಬಿ ಹಾಕಿ ಕೈತೊಳೆದುಕೊಳ್ಳುವವರು ಇದ್ದಾರೆ. ಏನಾದರೂ ಆದ ದಿನ ಪೊಲೀಸರು ಕೇಳುವುದು ಮಾಲೀಕರನ್ನ, ಹಾಕಿದವನನ್ನಲ್ಲ.

2024ರ ಅಕ್ಟೋಬರ್‌ನಲ್ಲಿ ನಮ್ಮ ಜಿಲ್ಲೆಯ ನ್ಯಾಮತಿಯಲ್ಲಿ ಬ್ಯಾಂಕಿನಿಂದ 17 ಕೆಜಿಗೂ ಹೆಚ್ಚು ಬಂಗಾರ ಕದ್ದವರು ಡಿವಿಆರ್ ಅನ್ನೂ ಹೊತ್ತುಕೊಂಡು ಹೋಗಿದ್ದರು. ಅಡಿಕೆ ಗೋದಾಮಿನಲ್ಲಿ ಎನ್‌ವಿಆರ್ ಅನ್ನು ಕಚೇರಿಯ ಟೇಬಲ್ ಮೇಲಿಡದೆ ಅಟ್ಟದ ಮೇಲೆ ಬೀಗದ ಪೆಟ್ಟಿಗೆಯಲ್ಲಿ ಕೂರಿಸಿದೆ, ಗೇಟಿನ ಕ್ಯಾಮೆರಾದೊಳಗೆ ಮೆಮೊರಿ ಕಾರ್ಡ್ ಬೇರೆ ಹಾಕಿದೆ. ಅಡಿಕೆ ಸಿಪ್ಪೆಯ ಧೂಳು ಫ್ಯಾನ್‌ಗೆ ಮೆತ್ತುತ್ತದೆ, ಪೆಟ್ಟಿಗೆಯ ಗಾಳಿಕಿಂಡಿಗೆ ಬಲೆ ಬೇಕೇ ಬೇಕು.

ಹಳೇ ಡಿವಿಆರ್ ಮಾರುವವರಿಗೆ ಇನ್ನೊಂದು ಮಾತು. ಗುಜರಿಗೆ ಕೊಡುವ ಮುಂಚೆ ಡಿಸ್ಕ್ ಬಿಚ್ಚಿಕೊಳ್ಳಿ, ಆ್ಯಪ್‌ನಿಂದ ಆ ಸಾಧನವನ್ನು ಅನ್‌ಬೈಂಡ್ ಮಾಡಿ, ಅಂದರೆ ನಿಮ್ಮ ಖಾತೆಯಿಂದ ಬಿಡಿಸಿ. ಅದು ಹಾಗೇ ಉಳಿದರೆ ಮುಂದೆ ಕೊಂಡವನ ಅಂಗಳ ನಿಮ್ಮ ಫೋನಿನಲ್ಲಿ ಕಾಣಬಹುದು.