ಭಕ್ಷೀಸು ಕೊಡುವ ಮೊದಲು ಬಿಲ್ಲು ಓದಿ

ಕಳೆದ ತಿಂಗಳು ಮನೆಯವರೆಲ್ಲ ಸೇರಿ ಬೆಂಗಳೂರಿನ ಒಂದು ಎ.ಸಿ. ರೆಸ್ಟೊರೆಂಟ್‌ನಲ್ಲಿ ಊಟ ಮಾಡಿದೆವು. ಸೋಂಪು, ಕಲ್ಲುಸಕ್ಕರೆಯ ಬಟ್ಟಲಿನೊಂದಿಗೆ ಬಂದ ಬಿಲ್ಲಿನ ಮೊತ್ತ 3,465 ರೂಪಾಯಿ. ನಮ್ಮ ಭಾವ ಮೇಜಿನ ಮೇಲಿದ್ದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ 3,500 ರೂಪಾಯಿ ಕಳುಹಿಸಿ, ಸಪ್ಲೈಯರ್‌ಗೆ "ಮಿಕ್ಕಿದ್ದು ನಿಮಗೆ" ಎಂದರು. ಆತ "ಥ್ಯಾಂಕ್ಸ್ ಸಾರ್" ಎಂದು ನಕ್ಕು, ಬಟ್ಟಲು ಎತ್ತಿಕೊಂಡು ಹೋದ. ಆ 35 ರೂಪಾಯಿ ಹೋಗಿ ಬಿದ್ದದ್ದು ಹೋಟೆಲಿನ ಬ್ಯಾಂಕ್ ಖಾತೆಗೆ ಎಂಬುದು ಆತನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಂಥ ಎಡವಟ್ಟನ್ನು ಎಷ್ಟೋ ಮೇಜುಗಳಲ್ಲಿ ನೋಡಿ ಬೇಸತ್ತು ಈ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಎಲ್ಲಿ ಕೊಡಬೇಕಾಗಿಲ್ಲ ಎಂಬುದನ್ನು ತಿಳಿದುಕೊಳ್ಳಿ. ಟೋಕನ್ ಪಡೆದು, ನಾವೇ ತಟ್ಟೆ ಹಿಡಿದು ನಿಂತು ತಿನ್ನುವ ದರ್ಶಿನಿಗಳಲ್ಲಿ ಮತ್ತು ಪಾರ್ಸೆಲ್ ಕೌಂಟರಿನಲ್ಲಿ ಭಕ್ಷೀಸಿನ ಪ್ರಶ್ನೆಯೇ ಇಲ್ಲ.

ಎರಡನೆಯದು ಬಿಲ್ಲು ಓದುವ ಹಂತ. ಬಹುತೇಕರು ಎಡವುವುದು ಇಲ್ಲಿಯೇ. ಕೊನೆಯ ಸಾಲಿನ ದಪ್ಪ ಅಕ್ಷರದ ಮೊತ್ತವನ್ನು ಬಿಟ್ಟು, ತಿಂಡಿಗಳ ಪಟ್ಟಿ ಮುಗಿದ ಕೂಡಲೇ ಬರುವ ಮೂರು ನಾಲ್ಕು ಸಣ್ಣ ಸಾಲುಗಳನ್ನು ನೋಡಿ. ನಮ್ಮ ಬಿಲ್ಲಿನಲ್ಲಿ ಊಟದ ಬೆಲೆ 3,000 ರೂಪಾಯಿ ಇತ್ತು. ಅದರ ಕೆಳಗೆ 'ಎಸ್.ಸಿ. ಶೇ 10' ಎಂದು 300 ರೂಪಾಯಿ ಇತ್ತು. ಆಮೇಲೆ ಕೇಂದ್ರದ ಮತ್ತು ರಾಜ್ಯದ ಜಿಎಸ್‌ಟಿ ಶೇ 2.5ರಂತೆ ತಲಾ 82 ರೂಪಾಯಿ 50 ಪೈಸೆ ಇತ್ತು. ಈ ಎಸ್.ಸಿ. ಎಂದರೆ ಸರ್ವೀಸ್ ಚಾರ್ಜ್. ಇದನ್ನು ಸರ್ಕಾರದ ತೆರಿಗೆಯೆಂದು ಭಾವಿಸುವವರು ಇಂದಿಗೂ ಇದ್ದಾರೆ, ಏಕೆಂದರೆ ಹಿಂದೆ ಸರ್ವೀಸ್ ಟ್ಯಾಕ್ಸ್ ಎಂಬುದೊಂದಿತ್ತು. ಅದು 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗಲೇ ಅದರೊಳಗೆ ಸೇರಿಹೋಯಿತು. ಈಗ ಬಿಲ್ಲಿನಲ್ಲಿ ಕಾಣುವ ಸರ್ವೀಸ್ ಚಾರ್ಜ್ ಹೋಟೆಲಿನವರೇ ಹಾಕಿಕೊಳ್ಳುವ ಮೊತ್ತ. ಜಿಎಸ್‌ಟಿ ಸಾಲುಗಳನ್ನು ಮತ್ತೊಮ್ಮೆ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ: ತೆರಿಗೆಯನ್ನು 3,000ಕ್ಕಲ್ಲ, 3,300ಕ್ಕೆ ಲೆಕ್ಕ ಹಾಕಿದ್ದರು. ಸರ್ವೀಸ್ ಚಾರ್ಜ್ ತೆಗೆದಿದ್ದರೆ ನಾವು ಕೊಡಬೇಕಾಗಿದ್ದದ್ದು 3,150 ರೂಪಾಯಿ. ಭಾವನವರು 35 ರೂಪಾಯಿ ಭಕ್ಷೀಸು ಕೊಟ್ಟೆನೆಂದುಕೊಂಡ ಹೊತ್ತಿಗೆ 315 ರೂಪಾಯಿ ಆಗಲೇ ಹೋಗಿತ್ತು.

ಹೀಗೆ ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿದೆ. ಬೇರೆ ಹೆಸರಿಟ್ಟು ವಸೂಲು ಮಾಡುವಂತಿಲ್ಲ, ಇದರ ಮೇಲೆ ಜಿಎಸ್‌ಟಿ ಹಾಕುವಂತಿಲ್ಲ, ಕೊಡುವುದು ಬಿಡುವುದು ಗ್ರಾಹಕರ ಇಚ್ಛೆ ಎಂದು ಅದರಲ್ಲಿದೆ. ಹೋಟೆಲ್ ಮಾಲೀಕರ ಸಂಘಟನೆಗಳು ಇದನ್ನು ಪ್ರಶ್ನಿಸಿ ಹೂಡಿದ್ದ ಅರ್ಜಿಗಳನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ವಜಾ ಮಾಡಿ, ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಆದ್ದರಿಂದ ಹಣ ಕೊಡುವ ಮೊದಲೇ ಮ್ಯಾನೇಜರನ್ನೋ ಗಲ್ಲಾದಲ್ಲಿ ಕುಳಿತವರನ್ನೋ ಕರೆದು, "ಸರ್ವೀಸ್ ಚಾರ್ಜ್ ತೆಗೆದು ಬೇರೆ ಬಿಲ್ ಕೊಡಿ, ಹುಡುಗರಿಗೆ ನಾನೇ ಕೊಡುತ್ತೇನೆ" ಎಂದು ಮೆಲುದನಿಯಲ್ಲಿ ಹೇಳಿ. ಊಟ ಬಡಿಸಿದವರ ಮೇಲೆ ಮಾತ್ರ ರೇಗಬೇಡಿ. ಬಿಲ್ಲು ತಿದ್ದುವ ಅಧಿಕಾರ ಅವರಿಗಿಲ್ಲ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಅಲ್ಲಿಂದಲೇ ಕರೆ ಮಾಡಬಹುದು. ನನ್ನ ಅನುಭವದಲ್ಲಿ ಈ ಸಂಖ್ಯೆಯನ್ನು ಹೇಳಿದರೆ ಸಾಕು, ಹೊಸ ಬಿಲ್ಲು ಬರುತ್ತದೆ. ಇಷ್ಟಾದ ಮೇಲೂ ಕೊಡಲೇಬೇಕಾಗಿ ಬಂದರೆ ಪ್ರತ್ಯೇಕ ಭಕ್ಷೀಸು ಕೊಡಬೇಕಾಗಿಲ್ಲ, ಆದರೂ ನಾನು ಇಪ್ಪತ್ತು ರೂಪಾಯಿ ಕೈಗಿಟ್ಟೇ ಬರುತ್ತೇನೆ, ಏಕೆಂದರೆ ಆ ಮುನ್ನೂರರಲ್ಲಿ ಸಪ್ಲೈಯರ್‌ಗೆ ಎಷ್ಟು ಸೇರುತ್ತದೆ ಎಂದು ಬಿಲ್ಲಿನಲ್ಲಿ ಎಲ್ಲಿಯೂ ಬರೆದಿರುವುದಿಲ್ಲ.

ಎಷ್ಟು ಕೊಡಬೇಕೆಂಬುದು ಸುಲಭದ ವಿಷಯ. ಕುಳಿತು ತಿನ್ನುವ ಸಾಧಾರಣ ಹೋಟೆಲಿನಲ್ಲಿ ಇಬ್ಬರಿಗೆ ಹತ್ತೋ ಇಪ್ಪತ್ತೋ ಸಾಕು. ದೊಡ್ಡ ರೆಸ್ಟೊರೆಂಟ್‌ನಲ್ಲಿ ತೆರಿಗೆ ಬಿಟ್ಟ ಮೊತ್ತಕ್ಕೆ ಶೇ 5ರಿಂದ 10. ಅಮೆರಿಕದಿಂದ ರಜೆಗೆ ಬಂದ ಮಕ್ಕಳು ಅಲ್ಲಿನ ರೂಢಿಯಂತೆ ಇಲ್ಲಿಯೂ ಶೇ 20 ಲೆಕ್ಕ ಹಾಕುತ್ತಾರೆ. ಅಲ್ಲಿ ಭಕ್ಷೀಸು ಪಡೆಯುವ ನೌಕರರಿಗೆ ಫೆಡರಲ್ ಕಾನೂನಿನ ಪ್ರಕಾರ ಮಾಲೀಕರು ಕೊಡಬೇಕಾದ ಕನಿಷ್ಠ ಕೂಲಿ 1991ರಿಂದಲೂ ಗಂಟೆಗೆ 2.13 ಡಾಲರ್‌ನಲ್ಲೇ ನಿಂತಿದೆ. ಉಳಿದದ್ದನ್ನು ತುಂಬಿಸುವುದು ಗ್ರಾಹಕರ ಭಕ್ಷೀಸು. ಆ ಲೆಕ್ಕವನ್ನು ಇಲ್ಲಿಗೆ ತರಬೇಕಾಗಿಲ್ಲ.

ಕೊಡುವ ರೀತಿಗೆ ಗಮನ ಬೇಕು. ಮನೆಯಿಂದ ಹೊರಡುವಾಗಲೇ ಹತ್ತು, ಇಪ್ಪತ್ತು, ಐವತ್ತರ ಕೆಲವು ನೋಟುಗಳನ್ನು ಅಂಗಿಯ ಜೇಬಿನಲ್ಲಿ ಬೇರೆಯಾಗಿ ಇಟ್ಟುಕೊಳ್ಳಿ. ಬಿಲ್ಲನ್ನು ಯುಪಿಐನಲ್ಲಿ ರೂಪಾಯಿಗೆ ರೂಪಾಯಿ ಸರಿಯಾಗಿ ಕಟ್ಟಿ, ಭಕ್ಷೀಸನ್ನು ನೋಟಿನಲ್ಲೇ ಕೊಡಿ. ನೋಟಿಲ್ಲದಿದ್ದರೆ ಸಪ್ಲೈಯರ್‌ನ ಸ್ವಂತ ನಂಬರನ್ನು ಕೇಳಿ ಕಳುಹಿಸುವ ಅಡ್ಡದಾರಿಯೂ ಇದೆ, ಆದರೆ ಮಾಲೀಕರೆದುರು ಕೇಳಿ ಅವರನ್ನು ಪೇಚಿಗೆ ಸಿಲುಕಿಸಬೇಡಿ. ಫೋಲ್ಡರಿನೊಳಗೆ ನೋಟು ಸಿಕ್ಕಿಸಿ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಅದು ನೇರ ಗಲ್ಲಾಕ್ಕೆ ಹೋಗುತ್ತದೆ, ಅಲ್ಲಿಂದ ಬಡಿಸಿದವರ ಕೈಗೆ ಮರಳುತ್ತದೆಂಬ ಭರವಸೆಯಿಲ್ಲ. ನೋಟನ್ನು ಮಡಿಸಿ, ಅವರು ತಟ್ಟೆ ಎತ್ತಲು ಬಂದಾಗ "ಇಟ್ಕೊಳ್ಳಿ" ಎಂದು ಕೈಗೇ ಕೊಡಿ. ದೂರದಿಂದ ನೋಟು ಬೀಸಿ ಕರೆಯುವುದು, ಇಪ್ಪತ್ತು ರೂಪಾಯಿ ಕೊಟ್ಟು ಇಡೀ ಹೋಟೆಲಿಗೆ ಕೇಳುವಂತೆ ಹೇಳುವುದು ಬೇಡ. ಟೇಪು ಅಂಟಿಸಿದ, ಅಂಗಡಿಯವರು ತೆಗೆದುಕೊಳ್ಳದ ನೋಟನ್ನು ಇಲ್ಲಿ ಸಾಗಹಾಕುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಹತ್ತರ ನಾಣ್ಯ ಕಾನೂನಿನ ಪ್ರಕಾರ ಚಲಾವಣೆಯಲ್ಲಿದ್ದರೂ ನಮ್ಮೂರಿನ ಅನೇಕ ಅಂಗಡಿಗಳಲ್ಲಿ ಬೇಡವೆನ್ನುತ್ತಾರೆ, ಹಾಗಾಗಿ ಅದನ್ನೂ ಕೊಡುವುದಿಲ್ಲ. ಮೇಜು ಒರೆಸುವ ಕ್ಲೀನರ್‌ಗೆ ಹತ್ತು ರೂಪಾಯಿಯನ್ನು ಬೇರೆಯಾಗಿಯೇ ಕೊಡಿ, ಏಕೆಂದರೆ ಹಂಚಿಕೊಳ್ಳಿ ಎಂದು ಒಬ್ಬರ ಕೈಗೆ ಕೊಟ್ಟದ್ದು ಹಂಚಿಕೆಯಾಗುವುದು ಅಪರೂಪ.

ಹೋಟೆಲಿನ ಹೊರಗೂ ಇದೇ ಕ್ರಮ. ಆಟೊ, ಟ್ಯಾಕ್ಸಿ ಆ್ಯಪ್‌ಗಳು ಗಾಡಿ ಬರುವ ಮೊದಲೇ ಟಿಪ್ ಸೇರಿಸಿ ಎಂದು ಕೇಳುವುದು ಭಕ್ಷೀಸಲ್ಲ, ಬಾಡಿಗೆಯ ಹರಾಜು. ಈ ಮುಂಗಡ ಟಿಪ್ ಬಗ್ಗೆ ಅದೇ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರ ಮೇ ತಿಂಗಳಲ್ಲಿ ಊಬರ್‌ಗೆ ನೋಟಿಸ್ ಕೊಟ್ಟಿತ್ತು. ಊಟ ತಂದುಕೊಡುವ ಹುಡುಗರಿಗೆ ಮಳೆಯಲ್ಲಿ ನೆನೆದು ಬಂದ ದಿನ ಬಾಗಿಲಲ್ಲೇ ನೋಟು ಕೊಡಿ. ಅಡುಗೆ ಅನಿಲದ ಸಿಲಿಂಡರ್ ತರುವವರ ವಿಷಯ ಬೇರೆ: ಮನೆಗೆ ತಲುಪಿಸುವ ಶುಲ್ಕ ರಸೀದಿಯ ಮೊತ್ತದಲ್ಲೇ ಸೇರಿದೆ, ಆದ್ದರಿಂದ ಐವತ್ತು ರೂಪಾಯಿ 'ರೇಟು' ಎಂದು ಕೇಳಿದರೆ ರಸೀದಿ ತೋರಿಸಿ ಅಷ್ಟನ್ನೇ ಕೊಡಿ. ಲಿಫ್ಟ್ ಇಲ್ಲದ ನಮ್ಮ ಮೂರನೆಯ ಮಹಡಿಗೆ ಹೆಗಲ ಮೇಲೆ ಹೊತ್ತು ತಂದು, ಏನೂ ಕೇಳದೆ ಖಾಲಿ ಸಿಲಿಂಡರ್ ಎತ್ತಿಕೊಳ್ಳುವವರಿಗೆ ನಾನು ಒಂದು ಲೋಟ ನೀರಿನ ಜೊತೆ ಮೂವತ್ತು ರೂಪಾಯಿ ಕೊಡುತ್ತೇನೆ.