ಬದುಕಿಗೆ ಆಸರೆಯಾದ ಕಾಡುಗಿಡ ಉಳಿಸಬೇಕಾ? ಕೊಯ್ಲಿನಿಂದ ಶುರು ಮಾಡಿ

ಗಿಡ ಉಳಿಸಬೇಕು ಅಂದ ತಕ್ಷಣ ಎಲ್ಲರೂ ಗುಂಡಿ ತೋಡೋಕೆ ಹೊರಡುತ್ತಾರೆ. ನೆಡುವುದು ತಪ್ಪಲ್ಲ, ಆದರೆ ಅದು ಮೂರನೆಯದೋ ನಾಲ್ಕನೆಯದೋ ಕೆಲಸ. ಮೊದಲ ಕೆಲಸ ಬೇರೆ ಇದೆ. ಆ ಗಿಡವನ್ನೇ ನಂಬಿ ನಾಲ್ಕು ಕಾಸು ಕಾಣುವ ಜನರ ಜೊತೆ ಕೂತು ಅದರ ಯಾವ ಭಾಗ ತೆಗೆಯುತ್ತೀರಿ, ಯಾವಾಗ ತೆಗೆಯುತ್ತೀರಿ, ಹೇಗೆ ತೆಗೆಯುತ್ತೀರಿ ಅಂತ ಕೇಳಬೇಕು. ಗಿಡ ಉಳಿಯುತ್ತೋ ಇಲ್ಲವೋ ಅನ್ನುವುದು ಹೆಚ್ಚಿನ ಸಲ ಈ ಮೂರು ಉತ್ತರದಲ್ಲೇ ಇರುತ್ತದೆ.

ಯಾರನ್ನು ಕೇಳಬೇಕು? ಸೌದೆಗೆ ಹೋಗುವ ಹೆಂಗಸರನ್ನು, ದನ ಕುರಿ ಮೇಯಿಸುವವರನ್ನು, ನಾಟಿ ಔಷಧಿ ಕೊಡುವವರನ್ನು. ಸುಮ್ನೆ ಮನೆಯಲ್ಲಿ ಕೂತು ಕೇಳಬೇಡಿ, ಅವರ ಜೊತೆ ನಡೆಯಿರಿ. ಇಪ್ಪತ್ತು ವರ್ಷದ ಹಿಂದೆ ಇದು ಎಷ್ಟು ದೂರ ಹೋದರೆ ಸಿಗುತ್ತಿತ್ತು, ಈಗ ಎಷ್ಟು ದೂರ ಹೋಗಬೇಕು ಅಂತ ಕೇಳಿ. ಈ ಒಂದೇ ಪ್ರಶ್ನೆಯಿಂದ ಯಾವ ಗಿಡ ಕಷ್ಟದಲ್ಲಿದೆ ಅನ್ನುವುದು ಬಹಳಷ್ಟು ತಿಳಿಯುತ್ತದೆ. ಪಟ್ಟಿ ನಲವತ್ತಕ್ಕೆ ಹೋದರೂ ಶುರುವಿಗೆ ಮೂರೋ ನಾಲ್ಕೋ ಗಿಡ ಸಾಕು. ಒಂದು ವಿಷಯ ಮರೆಯಬೇಡಿ: ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಗಿಡ ಇರಬಹುದು. ಎಲೆ, ಹೂವು, ಕಾಯಿ ಇರುವ ಒಂದು ರೆಂಬೆಯನ್ನು ಹಳೇ ಪೇಪರಿನ ನಡುವೆ ಒತ್ತಿಟ್ಟು ಒಣಗಿಸಿ, ಸಸ್ಯಶಾಸ್ತ್ರ ಗೊತ್ತಿರುವವರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ.

ಈಗ ಭಾಗದ ವಿಷಯ. ಎಲೆ, ಹಣ್ಣು, ಅಂಟು ತೆಗೆದರೆ ಗಿಡ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ತೊಗಟೆಗೆ, ಬೇರಿಗೆ ಕೈ ಹಾಕಿದಾಗ ಅಪಾಯ ಜಾಸ್ತಿ. ತೊಗಟೆಯ ಒಳಬದಿಯನ್ನು ಹತ್ತಿರದಿಂದ ನೋಡಿದ್ದೀರಾ? ಹಸಿಯಾಗಿ, ಸ್ವಲ್ಪ ಜಾರುವ ಹಾಗೆ ಇರುತ್ತದೆ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ಅದೇ ಪದರದಲ್ಲಿ. ಕಾಂಡದ ಸುತ್ತಲೂ ಬಳೆಯ ಹಾಗೆ ಸುಲಿದರೆ ಬೇರು ಉಪವಾಸ ಬೀಳುತ್ತದೆ, ಮರ ನಿಂತಲ್ಲೇ ಸಾಯುತ್ತದೆ. ಆಫ್ರಿಕಾದ ಪ್ರೂನಸ್ ಆಫ್ರಿಕಾನಾ ಮರಕ್ಕೆ ಆದದ್ದು ಇದೇ. ಪ್ರಾಸ್ಟೇಟ್ ತೊಂದರೆಯ ಔಷಧಿಗೆ ಅದರ ತೊಗಟೆ ಯುರೋಪಿಗೆ ಹೋಗುತ್ತಿತ್ತು, ಬೇಡಿಕೆ ಏರಿದ ಹಾಗೆ ಜನ ಪೂರ್ತಿ ಸುಲಿದರು, ಕಡಿದೂ ಹಾಕಿದರು. ಕೊನೆಗೆ 1995ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋಕೆ ದೇಶಗಳು ಮಾಡಿಕೊಂಡದ್ದು) ನಿಯಂತ್ರಣ ಬಂತು.

ಹಾಗಾಗಿ ಸುತ್ತಲೂ ಸುಲಿಯುವುದು ಬೇಡವೇ ಬೇಡ. ಬಲಿತ ಮರದಲ್ಲಿ ಮಾತ್ರ, ಎದುರುಬದುರಾಗಿ ಎರಡು ಉದ್ದ ಪಟ್ಟಿ, ಒಳಗಿನ ಕಟ್ಟಿಗೆಗೆ ಗಾಯವಾಗದ ಹಾಗೆ ತೆಗೆಯಬೇಕು. ಎಲ್ಲ ಜಾತಿಯ ಮರಕ್ಕೂ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ ಅಂತಿಲ್ಲ. ಎರಡು ಮೂರು ಮರದಲ್ಲಿ ಮಾಡಿ ನೋಡಿ, ಗಾಯ ಮಾಯುತ್ತಾ ಅಂತ ಒಂದೆರಡು ವರ್ಷ ಕಾದು, ಆಮೇಲೆ ಮುಂದುವರಿಯಿರಿ. ಅದಕ್ಕಿಂತ ಒಳ್ಳೆಯ ದಾರಿ, ಎಲೆಯಿಂದಲೇ ಕೆಲಸ ಆಗುತ್ತಾ ನೋಡುವುದು. ದಕ್ಷಿಣ ಆಫ್ರಿಕಾದ ವಾರ್ಬರ್ಜಿಯಾ ಮರದಲ್ಲಿ ತೊಗಟೆಯ ಬದಲು ಎಲೆ ಬಳಸಬಹುದು ಅಂತ ತಿಳಿದ ಮೇಲೆ ಅಲ್ಲಿನ ನಾಟಿ ವೈದ್ಯರಿಗೆ ಸಸಿ ಕೊಟ್ಟು ಎಲೆ ಬಳಸುವುದನ್ನು ಪ್ರೋತ್ಸಾಹಿಸಿದರು.

ಬೇರಿನ ವಿಷಯದಲ್ಲಿ ಆಫ್ರಿಕಾದ ಕಲಹರಿ ಮರುಭೂಮಿಯ ಡೆವಿಲ್ಸ್ ಕ್ಲಾ ಅನ್ನುವ ಔಷಧಿ ಗಿಡ ಒಳ್ಳೆಯ ಪಾಠ. ಆ ಗಿಡಕ್ಕೆ ನಡುವೆ ಒಂದು ತಾಯಿಬೇರು, ಅದರಿಂದ ಪಕ್ಕಕ್ಕೆ ಹರಡಿದ ಗೆಡ್ಡೆಗಳು. ಔಷಧಿಗೆ ಬೇಕಿರುವುದು ಪಕ್ಕದ ಗೆಡ್ಡೆ. ತಿಳಿದವರು ಬದಿಯಿಂದ ಅಗೆದು, ಕೆಲವು ಗೆಡ್ಡೆ ಮಾತ್ರ ಕತ್ತರಿಸಿ, ತಾಯಿಬೇರು ಮುಟ್ಟದೆ, ಗುಂಡಿಗೆ ಮಣ್ಣು ಮುಚ್ಚಿ ಬರುತ್ತಾರೆ. ಮಣ್ಣು ಮುಚ್ಚುವುದು ಚಿಕ್ಕ ಕೆಲಸ ಅನ್ನಿಸಬಹುದು, ಆದರೆ ಗುಂಡಿ ತೆರೆದೇ ಬಿಟ್ಟರೆ ಉಳಿದ ಬೇರೂ ಒಣಗುತ್ತದೆ. ಶತಾವರಿಯಂಥ ಗೊಂಚಲು ಗೆಡ್ಡೆಯ ಗಿಡಕ್ಕೂ ಇದೇ ಬುದ್ಧಿ: ಬುಡದ ಚಿಗುರನ್ನೂ ಒಂದಷ್ಟು ಗೆಡ್ಡೆಯನ್ನೂ ಅಲ್ಲೇ ಬಿಡಿ. ಅದೂ ಬೀಜ ಉದುರಿದ ಮೇಲೆ ಅಗೆಯಿರಿ.

ಹಣ್ಣು ತೆಗೆದರೆ ಏನಾಗುತ್ತೆ ಅಂತ ಕೇಳಬಹುದು. ಹಣ್ಣಿನಿಂದಲ್ಲ, ಆತುರದಿಂದ ಹಾಳಾಗುತ್ತದೆ. ನಾನು ಬಿಟ್ಟರೆ ನಾಳೆ ಇನ್ನೊಬ್ಬ ಕೀಳುತ್ತಾನೆ ಅನ್ನುವ ಭಯಕ್ಕೆ ನೆಲ್ಲಿಯ ಕೊಂಬೆಯನ್ನೇ ಕಡಿದು ಕೆಡವಿ ಎಳೆಕಾಯಿ ತುಂಬಿಕೊಳ್ಳುತ್ತಾರೆ. ಬಡತನ ಇರುವ ಕಡೆ ಈ ಭಯಕ್ಕೆ ಯಾರನ್ನೂ ಬೈಯೋಕಾಗಲ್ಲ. ಇದಕ್ಕೆ ಪರಿಹಾರ ಊರಿನವರೆಲ್ಲ ಸೇರಿ ಒಂದು ದಿನ ಗೊತ್ತು ಮಾಡುವುದು. ಕಾಯಿ ಬಲಿತಿದೆಯಾ ಅಂತ ನಾಲ್ಕು ಜನ ಹೋಗಿ ನೋಡಿ ಬರಬೇಕು, ಆಮೇಲೆ ಎಲ್ಲರಿಗೂ ಒಂದೇ ದಿನ ಕೊಯ್ಲು ಶುರು. ಯಾವ ಮರದಲ್ಲಿ ಬೀಜಕ್ಕೆ ಬಿಡಬೇಕು, ಹಕ್ಕಿ ಪ್ರಾಣಿಗಳಿಗೆ ಎಷ್ಟು ಬಿಡಬೇಕು, ಮಾತು ಮೀರಿದವರಿಗೆ ಏನು ಅನ್ನುವುದನ್ನೂ ಅವರೇ ತೀರ್ಮಾನಿಸಬೇಕು. ಹೊರಗಿನಿಂದ ಬಂದವರು ಬರೆದುಕೊಟ್ಟ ನಿಯಮ ಬಹಳ ದಿನ ನಿಲ್ಲುವುದಿಲ್ಲ. ಹಾಗೇ, ಕಾಯಿ ಬಿಡಲ್ಲ ಅಂತ ಯಾವ ಮರವನ್ನೂ ಕಡಿಯಬೇಡಿ. ತಾಳೆ, ಜಾಯಿಕಾಯಿ, ಆಫ್ರಿಕಾದ ಹಣ್ಣಿನ ಮರ ಮರೂಲಾದಂಥ ಜಾತಿಗಳಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಗಂಡುಮರ ಹೋದರೆ ಪಕ್ಕದ ಮರಕ್ಕೂ ಕಾಯಿಲ್ಲ.

ಇಷ್ಟಾದ ಮೇಲೆ ಬೀಜ. ಚೆನ್ನಾಗಿ ಕಾಯಿ ಬಿಡುವ ಒಂದೇ ಮರದಿಂದ ಚೀಲ ತುಂಬಿಸಬೇಡಿ, ಹಾಗೆ ಮಾಡಿದರೆ ಮುಂದಿನ ಪೀಳಿಗೆ ಪೂರ್ತಿ ಅಣ್ಣತಮ್ಮಂದಿರೇ ಆಗಿ ರೋಗಕ್ಕೆ ಒಟ್ಟಿಗೆ ಬೀಳುತ್ತಾರೆ. ಮುಂದಿನ ಕಾಲಕ್ಕೆ ಅಂತ ಬೀಜ ಕಾಪಿಡುವ ಬೀಜ ಬ್ಯಾಂಕಿನವರು ಪಾಲಿಸುವ ಲೆಕ್ಕ ಇದು: ಸಾಧ್ಯವಾದರೆ ಕನಿಷ್ಠ 50 ಗಿಡಗಳಿಂದ ಸ್ವಲ್ಪ ಸ್ವಲ್ಪ, ಮತ್ತು ಆ ದಿನ ಮಾಗಿರುವ ಬೀಜದಲ್ಲಿ ಶೇಕಡ 20ಕ್ಕಿಂತ ಹೆಚ್ಚು ತೆಗೆಯಬಾರದು. ತೆಗೆಯುವ ಮುಂಚೆ ಹತ್ತಿಪ್ಪತ್ತು ಬೀಜ ಬ್ಲೇಡಿನಿಂದ ಸೀಳಿ ನೋಡಿ. ಒಳಗೆ ಬಿಳಿಯಾಗಿ, ಗಟ್ಟಿಯಾಗಿ, ತುಂಬಿಕೊಂಡಿದ್ದರೆ ಸರಿ. ಜೊಳ್ಳೋ ಹುಳುವೋ ಜಾಸ್ತಿ ಇದ್ದರೆ ಆ ಶ್ರಮ ದಂಡ, ಬೇರೆ ಕಡೆ ಹುಡುಕಿ.

ಎಲ್ಲ ಬೀಜವನ್ನೂ ಒಣಗಿಸಿ ಇಡಬಹುದು ಅಂದುಕೊಳ್ಳಬೇಡಿ. ಹಲಸು, ಮಾವು, ನೇರಳೆಯಂಥ ನೀರು ತುಂಬಿದ ಬೀಜ ಒಣಗಿದರೆ ಸತ್ತೇ ಹೋಗುತ್ತದೆ. ಅವನ್ನು ತಿರುಳು ತೊಳೆದು ಕೂಡಲೇ ಬಿತ್ತಬೇಕು. ಗಟ್ಟಿ ಸಿಪ್ಪೆಯ ಬೀಜಗಳಲ್ಲಿ ಹೆಚ್ಚಿನವನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ಒಣಗಿಸಿ ವರ್ಷಗಟ್ಟಲೆ ಇಡಬಹುದು. ಒಣಗಿದೆಯಾ ಅಂತ ನೋಡೋಕೆ ಯಂತ್ರ ಬೇಡ. ಒಣಗಿದ ಗಾಜಿನ ಜಾಡಿಗೆ ಪುಡಿ ಉಪ್ಪು ಹಾಕಿ, ಮೇಲೆ ಬೀಜ ಹಾಕಿ, ಮುಚ್ಚಿ ಅಲ್ಲಾಡಿಸಿ, ಸ್ವಲ್ಪ ಹೊತ್ತು ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ಬೀಜದಲ್ಲಿ ಇನ್ನೂ ತೇವ ಇದೆ. ಅಂಟದೆ ಉದುರಿದರೆ ಗಾಳಿಯಾಡದ ಡಬ್ಬಿಗೆ ತುಂಬಿ, ಹೆಸರು, ಜಾಗ, ತಾರೀಖು ಬರೆದ ಚೀಟಿಯನ್ನು ಒಳಗೂ ಒಂದು, ಹೊರಗೂ ಒಂದು ಇಡಿ. ಬೀಜದ ತೇವ ಶೇಕಡ ಒಂದರಷ್ಟು ಇಳಿದರೂ ಅದರ ಆಯಸ್ಸು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಅನ್ನುವುದು ಹಳೆಯ ಲೆಕ್ಕ. ಅದಕ್ಕೇ ಒಣಗಿಸುವುದರಲ್ಲಿ ಅವಸರ ಬೇಡ.

ಬಿತ್ತಿದ ಬೀಜ ಮೊಳೆಯದಿದ್ದರೆ ಕೆಟ್ಟಿದೆ ಅಂತ ಎಸೆಯಬೇಡಿ, ನಿದ್ದೆಯಲ್ಲಿರಬಹುದು. ಗಟ್ಟಿ ಸಿಪ್ಪೆಯಾದರೆ ಮರಳಲ್ಲಿ ಉಜ್ಜಿ, ಇಲ್ಲವೇ ಕುದಿಸಿ ಒಲೆಯಿಂದ ಇಳಿಸಿದ ನೀರು ಹೊಯ್ದು ಅದರಲ್ಲೇ ರಾತ್ರಿ ಪೂರ್ತಿ ನೆನೆಸಿ. ಮೊದಲು ಹತ್ತು ಬೀಜದಲ್ಲಿ ಪರೀಕ್ಷಿಸಿ. ಸಸಿ ಚೀಲದಲ್ಲಿ ಬೇರು ಸುರುಳಿ ಸುತ್ತುವ ಮುಂಚೆ ಭೂಮಿಗೆ ಹೋಗಬೇಕು. ಹೋಗುವ ಮುಂಚೆ ಕೆಲವು ವಾರ ನೆರಳು, ನೀರು ಎರಡನ್ನೂ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ ಬಿಸಿಲಿಗೆ ರೂಢಿ ಮಾಡಿಸಿ.

ಆದರೂ ನೆಡುವುದಕ್ಕಿಂತ ಅಗ್ಗದ ದಾರಿ ಇದೆ: ತಾನಾಗಿ ಬಂದದ್ದನ್ನು ಬಿಡುವುದು. ಆಫ್ರಿಕಾದ ನೈಜರ್ ದೇಶದಲ್ಲಿ 1980ರ ದಶಕದಲ್ಲಿ ಆಸ್ಟ್ರೇಲಿಯಾದ ಟೋನಿ ರಿನಾಡೊ ಅನ್ನುವವರು ನೆಟ್ಟ ಸಸಿಗಳೆಲ್ಲ ಒಣಗಿ ಹೋಗುತ್ತಿದ್ದಾಗ ಹೊಲದಲ್ಲಿದ್ದ ಪೊದೆಗಳನ್ನು ಬಗ್ಗಿ ನೋಡಿದರು. ಅವು ಪೊದೆಯಲ್ಲ, ಕಡಿದ ಮರದ ಬೊಡ್ಡೆಯಿಂದ ಎದ್ದ ಚಿಗುರು. ಬೇರು ಜೀವಂತ ಇತ್ತು. ರೈತರು ಕೆಲವೇ ಗಟ್ಟಿ ಚಿಗುರು ಬಿಟ್ಟು ಉಳಿದದ್ದನ್ನು ಸವರುತ್ತಾ ಬಂದರು. ಈ ರೀತಿ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರ ವಾಪಸ್ ಬಂದಿದೆ. ನಿಮ್ಮ ಬದುವಿನಲ್ಲೂ ಹೀಗೆ ಕಾಯುತ್ತಿರುವ ಬೊಡ್ಡೆ ಇರಬಹುದು, ಕಳೆ ಅಂತ ಸವರುವ ಮುಂಚೆ ಒಮ್ಮೆ ಬಗ್ಗಿ ನೋಡಿ.

ಕಾಸಿನ ಮಾತೂ ಮುಖ್ಯ. ಗಿಡದಿಂದ ಆದಾಯ ಸಿಗದಿದ್ದರೆ ಅದನ್ನು ಕಾಯುವವರು ಯಾರು? ಹಸಿಯಾಗಿ ಅದೇ ದಿನ ಮಾರಿದರೆ ಕೊಳ್ಳುವವನು ಹೇಳಿದ್ದೇ ರೇಟು. ಒಣಗಿಸಿ, ಗಾತ್ರ ನೋಡಿ ವಿಂಗಡಿಸಿ, ನಾಲ್ಕಾರು ಮನೆಯವರು ಸೇರಿ ಒಟ್ಟಿಗೆ ಮಾರಿದರೆ ಮಾತಾಡುವ ಶಕ್ತಿ ಬರುತ್ತದೆ. ಒಂದೇ ಗಿಡ, ಒಬ್ಬನೇ ಗಿರಾಕಿ ನಂಬಿಕೊಳ್ಳಬೇಡಿ. ರೇಟು ಏರಿದ ವರ್ಷವೇ ಗಿಡಕ್ಕೆ ಕಷ್ಟ ಜಾಸ್ತಿ, ಆ ವರ್ಷ ಕೊಯ್ಲಿನ ನಿಯಮ ಇನ್ನೂ ಗಟ್ಟಿಯಾಗಿರಬೇಕು. ಯಾವುದಾದರೂ ಕಂಪನಿ ನಿಮ್ಮ ಗಿಡವನ್ನೋ ಅದರ ಬಗೆಗಿನ ತಿಳಿವಳಿಕೆಯನ್ನೋ ಕೇಳಿಕೊಂಡು ಬಂದರೆ ಬಾಯಿಮಾತಲ್ಲಿ ಮುಗಿಸಬೇಡಿ. ಲಾಭದಲ್ಲಿ ಸಮುದಾಯಕ್ಕೂ ಪಾಲು ಇರಬೇಕು ಅಂತ 2010ರ ನಗೋಯಾ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ. ಮೊದಲು ಒಪ್ಪಿಗೆ, ಬರಹದಲ್ಲಿ ಷರತ್ತು, ಆಮೇಲೆ ಮಾಹಿತಿ.

ಕೊನೆಯದಾಗಿ, ಪ್ರತಿವರ್ಷ ಅದೇ ತಿಂಗಳು, ಅದೇ ಕಾಲುದಾರಿಯಲ್ಲಿ ನಡೆದು ಎಣಿಸಿ. ದೊಡ್ಡ ಮರ ಎಷ್ಟು, ಮೊಣಕಾಲೆತ್ತರದ ಮರಿ ಎಷ್ಟು ಅಂತ ನೋಟ್‌ಬುಕ್ಕಿನಲ್ಲಿ ಬೇರೆ ಬೇರೆ ಬರೆಯಿರಿ. ದೊಡ್ಡವು ಎಷ್ಟೇ ಇದ್ದರೂ ಕೆಳಗೆ ಮರಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರೆ ಕೊಯ್ಲು ಜಾಸ್ತಿಯಾಗಿರಬಹುದು, ಇಲ್ಲವೇ ದನ, ಬೆಂಕಿ ಮರಿಗಳನ್ನು ಬಿಡುತ್ತಿಲ್ಲ. ಆ ಪುಟವನ್ನು ಕೊಯ್ಲಿನ ದಿನ ಗೊತ್ತು ಮಾಡುವ ಸಭೆಗೆ ತೆಗೆದುಕೊಂಡು ಹೋಗಿ ಎಲ್ಲರ ಮುಂದೆ ಓದಿ.