ಮಳೆಯ ಊರಿನಲ್ಲಿ ಅಕೌಸ್ಟಿಕ್ ಪ್ಯಾನೆಲ್: ಉಡುಪಿಯ ನನ್ನ ಅನುಭವ

ನಮ್ಮ ಮನೆಯ ಮಹಡಿ ಕೋಣೆ 14 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಕೆಂಪುಕಲ್ಲಿನ ಗೋಡೆಗೆ ಸಿಮೆಂಟ್ ಸಾರಣೆ, ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸ್. ಶಬ್ದ ಹೀರಿಕೊಳ್ಳುವ ವಸ್ತು ಅಂತ ಏನೂ ಇರಲಿಲ್ಲ. ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಎದುರುಬದುರು ಗೋಡೆಗಳ ಮಧ್ಯೆ ಅದು ಓಡಾಡುವುದು ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಜಾಸ್ತಿ ಕೇಳುವುದು ಯಕ್ಷಗಾನದ ಹಳೇ ರೆಕಾರ್ಡಿಂಗ್‌ಗಳು. ಚೆಂಡೆಯ ಒಂದು ಪೆಟ್ಟು ಆರುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು ಭಾಗವತರ ಪದದ ಅಕ್ಷರಗಳೇ ಕಲಸಿಹೋಗುತ್ತಿದ್ದವು.

ಮೊದಲು ದುಡ್ಡು ಖರ್ಚಿಲ್ಲದ ಕೆಲಸ ಮಾಡಿದೆ. ಹಿಂದಿನ ಗೋಡೆಗೆ ಒರಗಿದ್ದ ಕುರ್ಚಿಯನ್ನು ಸುಮಾರು 5 ಅಡಿ ಮುಂದಕ್ಕೆ ತಂದೆ. ಗೋಡೆಯ ಹತ್ತಿರ ಬೇಸ್ ಉಬ್ಬುತ್ತದೆ, ಕೋಣೆಯ ನಟ್ಟನಡುವೆ ಕೂತರೆ ಉದ್ದದಿಂದ ಹುಟ್ಟುವ ಮೊದಲ ಅನುರಣನೆಯ (ಎದುರುಬದುರು ಗೋಡೆಗಳ ಅಂತರಕ್ಕೆ ಸರಿಹೊಂದಿ ಜೋರಾಗುವ ಸ್ವರ) ಬೇಸ್ ಬಹುತೇಕ ಮಾಯವಾಗುತ್ತದೆ. ಎರಡರ ಮಧ್ಯದ ಜಾಗ ಬೇಕು, ಅಷ್ಟೇ. ಸ್ಪೀಕರುಗಳನ್ನು ಎದುರು ಗೋಡೆಯಿಂದ ಎರಡೂವರೆ ಅಡಿ, ಪಕ್ಕದ ಗೋಡೆಗಳಿಂದ 2 ಅಡಿ ಬಿಟ್ಟು ಇಟ್ಟೆ. ಆಗ ಎರಡು ಸ್ಪೀಕರ್ ಮತ್ತು ನನ್ನ ತಲೆ ಸೇರಿ ಹೆಚ್ಚುಕಡಿಮೆ 6 ಅಡಿಯ ಸಮ ತ್ರಿಕೋನ ಆಯಿತು. ಹಾಡುಗಾರ ಮಧ್ಯದಲ್ಲಿ ನಿಂತ ಹಾಗೆ ಕೇಳಲು ಶುರುವಾದದ್ದು ಇಲ್ಲಿಂದಲೇ.

ಆಮೇಲೆ ಗೆಳೆಯನಿಂದ ಅಳತೆಯ ಮೈಕ್ ತಂದು, ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝಾರ್ಡ್ ಸಾಫ್ಟ್‌ವೇರಿನಲ್ಲಿ ಕೋಣೆಯೊಳಗೆ ಯಾವ ಸ್ವರ ಎಷ್ಟು ಜೋರು ಅಂತ ನೋಡಿದೆ. 56 ಹರ್ಟ್ಸ್ ಹತ್ತಿರ ಗ್ರಾಫಿನಲ್ಲಿ ಒಂದು ದೊಡ್ಡ ಗುಡ್ಡ. ಲೆಕ್ಕ ಸುಲಭ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಅದನ್ನು ಎರಡು ಗೋಡೆಗಳ ಅಂತರದ ಎರಡು ಪಟ್ಟಿನಿಂದ ಭಾಗಿಸಿದರೆ ಆ ದಿಕ್ಕಿನ ಮೊದಲ ಅನುರಣನೆ ಸಿಗುತ್ತದೆ. 10 ಅಡಿ ಅಂದರೆ 3.05 ಮೀಟರ್, ಉತ್ತರ 56. ನಮ್ಮ ಕೋಣೆಯ ಅಗಲವೂ 10, ಎತ್ತರವೂ 10, ಹಾಗಾಗಿ ಎರಡೂ ಒಂದೇ ಕಡೆ ಸೇರಿಕೊಂಡಿವೆ. ಹೊಸ ಮನೆ ಕಟ್ಟುವವರು ಇದನ್ನೊಂದು ನೆನಪಿಡಿ, ಮೂರೂ ಅಳತೆ ಬೇರೆ ಬೇರೆ ಇರಲಿ.

ಶಬ್ದ ಹೀರಲಿ ಅಂತ ಹಲವರು ಗೋಡೆಗೆ ಅಂಟಿಸುವ ಒಂದು ಇಂಚಿನ ಫೋಮ್ ಯಾಕೆ ಸಾಲದು ಅಂತಲೂ ಇಲ್ಲೇ ಗೊತ್ತಾಗುತ್ತದೆ. 56 ಹರ್ಟ್ಸ್ ಅಲೆಯ ಉದ್ದ 6 ಮೀಟರ್‌ಗಿಂತ ಜಾಸ್ತಿ. ತೆಳು ಫೋಮ್ ಹೀರುವುದು ಮೇಲಿನ ಸ್ವರಗಳನ್ನು ಮಾತ್ರ. ನಾಲ್ಕೂ ಗೋಡೆಗೆ ಅದನ್ನೇ ಅಂಟಿಸಿದರೆ ತಾಳದ ಹೊಳಪು ಸತ್ತುಹೋಗಿ ಬೇಸಿನ ಗುಂಯ್‌ಗುಡುವಿಕೆ ಹಾಗೇ ಉಳಿಯುತ್ತದೆ. ಫೋಮಿನ ಬದಲು ಕೆಲವರು ಅಂಟಿಸುವ ಮೊಟ್ಟೆ ಟ್ರೇ ಬಗ್ಗೆ ಹೇಳುವುದೇ ಬೇಡ.

ಶಬ್ದ ಹೀರುವ ಪ್ಯಾನೆಲಿನ ಒಳಗೆ ನಾನು ಹಾಕಿದ್ದು ರಾಕ್‌ವೂಲ್, 2 ಇಂಚು ದಪ್ಪದ್ದು, ಘನ ಮೀಟರಿಗೆ 48 ಕೆಜಿ ಸಾಂದ್ರತೆಯದ್ದು. ಅದು ಕಲ್ಲಿನಿಂದ ಮಾಡಿದ ನಾರು, ಒರಲೆ ತಿನ್ನುವುದಿಲ್ಲ. ಕತ್ತರಿಸುವಾಗ ಮೈ ತುರಿಸುತ್ತದೆ, ಗ್ಲೌಸು, ಮಾಸ್ಕ್, ಉದ್ದ ತೋಳಿನ ಅಂಗಿ ಬೇಕೇ ಬೇಕು. ಚೌಕಟ್ಟಿಗೆ ಮರದ ಬದಲು ಅಲ್ಯೂಮಿನಿಯಂ ಸೆಕ್ಷನ್ ಮಾಡಿಸಿದೆ. ಹೊದಿಕೆಗೆ ಗೋಣಿ ಚೆಂದ ಕಾಣುತ್ತದೆ, ಆದರೆ ಆಟಿ ತಿಂಗಳ ಮಳೆಯಲ್ಲಿ ಬೂಷ್ಟು ಹಿಡಿಯದೆ ಇರುವುದಿಲ್ಲ, ಅದಕ್ಕೆ ಪಾಲಿಯೆಸ್ಟರ್ ಬಟ್ಟೆ. ಬಾಯಿಟ್ಟು ಊದಿದರೆ ಗಾಳಿ ಆಚೆ ಹೋಗಬೇಕು, ಬಟ್ಟೆಗೆ ಅಷ್ಟು ಪರೀಕ್ಷೆ ಸಾಕು.

ಈಗ ಮುಖ್ಯ ವಿಷಯ. ಅಲ್ಯೂಮಿನಿಯಂ ಕೆಲಸದವರು "ಗೋಡೆಗೇ ಕೂರಿಸಿದರೆ ಗಟ್ಟಿ ಅಲ್ವಾ ಮಾರಾಯ್ರೆ" ಅಂದರು. ನಾನು ಒಪ್ಪಲಿಲ್ಲ. ಪಿವಿಸಿ ಪೈಪಿನ 2 ಇಂಚಿನ ತುಂಡುಗಳನ್ನು ಮಧ್ಯೆ ಕೊಟ್ಟು, ಉದ್ದ ಸ್ಕ್ರೂ ಹಾಕಿಸಿ, ಪ್ಯಾನೆಲನ್ನು ಗೋಡೆಯಿಂದ ದೂರ ನಿಲ್ಲಿಸಿದೆ. ಈ ರೀತಿಯ ನಾರು ಕೆಲಸ ಮಾಡುವುದು ಗಾಳಿ ಅಲುಗಾಡುವ ಜಾಗದಲ್ಲಿ. ಗೋಡೆಗೆ ತಾಗಿದಲ್ಲಿ ಗಾಳಿ ಅಲುಗಾಡುವುದಿಲ್ಲ, ಸ್ವಲ್ಪ ಈಚೆ ಬಂದರೆ ಅಲುಗಾಟ ಜಾಸ್ತಿ. ಹಾಗಾಗಿ ಅದೇ 2 ಇಂಚಿನ ಹಲಗೆ ಇನ್ನಷ್ಟು ಕೆಳಗಿನ ಸ್ವರಗಳನ್ನೂ ಹಿಡಿಯುತ್ತದೆ. ಇನ್ನೊಂದು ಲಾಭ ನಮ್ಮ ಕರಾವಳಿಯವರಿಗೇ ವಿಶೇಷ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರಿದಾಗ ಹಿಂದೆ ಗಾಳಿ ಆಡುತ್ತದೆ, ಪೈಂಟ್ ಕಪ್ಪಾಗುವುದಿಲ್ಲ. ಪಶ್ಚಿಮದ ಗೋಡೆಗೆ ಮಳೆ ನೇರ ಹೊಡೆಯುತ್ತದೆ, ಅಲ್ಲಿ 4 ಇಂಚು ಬಿಟ್ಟೆ.

ಮೂಲೆಗಳಿಗೆ ಎರಡು ಹಲಗೆ ಸೇರಿಸಿ 4 ಇಂಚು ದಪ್ಪ ಮಾಡಿ ಅಡ್ಡಲಾಗಿ ನಿಲ್ಲಿಸಿದ್ದೇನೆ. 2 ಅಡಿ ಅಗಲದ ಪ್ಯಾನೆಲ್ ಹೀಗೆ ನಿಂತರೆ ಹಿಂದೆ ಮೂಲೆಯವರೆಗೆ ಸುಮಾರು ಒಂದು ಅಡಿ ಆಳ ಸಿಗುತ್ತದೆ. ಬೇಸ್ ಎಲ್ಲ ಮೂಲೆಯಲ್ಲೇ ಸೇರುವುದರಿಂದ ದುಡ್ಡು ಕಡಿಮೆ ಇದ್ದರೆ ಮೂಲೆಗೇ ಮೊದಲು ಹಾಕಿ. ಸ್ಪೀಕರಿನ ಶಬ್ದ ಪಕ್ಕದ ಗೋಡೆಗೆ ಬಡಿದು ಕಿವಿಗೆ ಬರುವ ಜಾಗ ಹುಡುಕಲು ಕನ್ನಡಿ ಸಾಕು: ನಾನು ಕುರ್ಚಿಯಲ್ಲಿ ಕೂತೆ, ಮಗಳು ಕನ್ನಡಿಯನ್ನು ಗೋಡೆಗೆ ಒತ್ತಿ ಜಾರಿಸುತ್ತಾ ಹೋದಳು, ಸ್ಪೀಕರ್ ಕಂಡಲ್ಲಿ ಪೆನ್ಸಿಲ್ ಗುರುತು. ಚೆಂಡೆಯ ಪೆಟ್ಟು ಬಿಡಿಬಿಡಿಯಾದದ್ದು ಆ ಜಾಗಕ್ಕೆ ಪ್ಯಾನೆಲ್ ಬಂದ ಮೇಲೆ. ಮದ್ದಳೆಯವರ ಬೆರಳು ಚರ್ಮದ ಮೇಲೆ ಎಲ್ಲಿ ಬಿತ್ತು ಅಂತ ಈಗ ಗೊತ್ತಾಗುತ್ತದೆ, ಅದೇ ರೆಕಾರ್ಡಿಂಗ್, ಅದೇ ಸ್ಪೀಕರ್.

ಹಿಂದಿನ ಗೋಡೆಯಲ್ಲಿ ಪುಸ್ತಕದ ಕಪಾಟು ಹಾಗೇ ಇದೆ. ನೆಲಕ್ಕೆ ದಪ್ಪ ಕಾರ್ಪೆಟ್ ಮಳೆಗಾಲದಲ್ಲಿ ವಾಸನೆ ಬರುತ್ತದೆ, ತೊಳೆದು ಒಣಗಿಸಬಹುದಾದ ಜಮಖಾನವೇ ಒಳ್ಳೆಯದು. ಕಿಟಕಿಯೂ ಲೆಕ್ಕಕ್ಕಿದೆ. ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಹಾರ್ವರ್ಡ್‌ನ ವ್ಯಾಲೇಸ್ ಸೇಬಿನ್ 1895ರಿಂದ ಒಂದು ಉಪನ್ಯಾಸ ಕೋಣೆಯ ಪ್ರತಿಧ್ವನಿ ಅಳೆಯುವಾಗ, ಯಾವ ವಸ್ತು ಎಷ್ಟು ಹೀರುತ್ತದೆ ಅನ್ನುವುದನ್ನು ತೆರೆದ ಕಿಟಕಿಗೆ ಹೋಲಿಸಿಯೇ ಲೆಕ್ಕ ಹಾಕಿದ್ದರು. ಹೊರಗೆ ಹೋದ ಶಬ್ದ ತಿರುಗಿ ಬರುವುದಿಲ್ಲವಲ್ಲ. ಸೆಖೆಗಾಲದಲ್ಲಿ ನಾನು ಕಿಟಕಿ ತೆರೆದೇ ಕೇಳುತ್ತೇನೆ.

ಇದನ್ನು ನೋಡಿದ ಹಲವರು ಕೇಳುವುದು "ಹೊರಗೆ ಶಬ್ದ ಹೋಗಲ್ವಾ" ಅಂತ. ಹೋಗುತ್ತದೆ. ತಾರಸಿಯ ತಗಡಿನ ಶೀಟ್ ಮೇಲೆ ಬೀಳುವ ಮಳೆಯ ಸದ್ದೂ ಒಳಗೆ ಬರುತ್ತದೆ. ಅದನ್ನು ತಡೆಯಲು ಭಾರದ ಗೋಡೆ, ಸಂದಿಲ್ಲದ ಬಾಗಿಲು ಬೇಕು, ಅದು ಬೇರೆಯೇ ಕೆಲಸ.

56 ಹರ್ಟ್ಸ್ ಗುಡ್ಡ ತಗ್ಗಿದೆ, ಪೂರ್ತಿ ಹೋಗಿಲ್ಲ. ಉಳಿದದ್ದನ್ನು ಈಕ್ವಲೈಸರಿನಲ್ಲಿ ಕೆಲವು ಡೆಸಿಬಲ್ ಇಳಿಸಿದೆ. ಉಬ್ಬನ್ನು ಹೀಗೆ ಇಳಿಸಬಹುದು, ಅಲೆಗಳು ಒಂದನ್ನೊಂದು ರದ್ದು ಮಾಡಿ ಆದ ಹೊಂಡವನ್ನು ಮಾತ್ರ ವಾಲ್ಯೂಮ್ ಏರಿಸಿ ತುಂಬಲು ಹೋಗಬೇಡಿ, ಸ್ಪೀಕರಿಗೆ ಸುಮ್ನೆ ಹೊರೆ. ಮುಂದಿನ ಬೇಸಿಗೆಯಲ್ಲಿ ಗೋಡೆ ಮತ್ತು ಸೀಲಿಂಗ್ ಸೇರುವ ಅಂಚಿಗೂ ದಪ್ಪ ಪ್ಯಾನೆಲ್ ಹಾಕಿಸಬೇಕು. ಎತ್ತರದಿಂದ ಬರುವ 56ಕ್ಕೆ ಅಲ್ಲೇ ಮದ್ದು.